ಹುಲಿಗೆವ್ವ ಮತ್ತು ಅಂಟು

ವಿಜಯಪುರದ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ನೀಲಾ ಬಂದು ಕೂತಾಗ ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ. ಉಳಿದ ಮುಖವನ್ನೆಲ್ಲ ಸ್ಕಾರ್ಫ್ ನುಂಗಿತ್ತು. ತುಂಬು ತೋಳು, ಕೈಗೆ ಗ್ಲೌಸ್. ಈ ಊರ ಬಿಸಿಲಿಗೆ ಸ್ಕೂಟಿ ಓಡಿಸುವ ಹುಡುಗಿಯರೆಲ್ಲ ಹೀಗೇ ಇರುತ್ತಾರಲ್ಲ, ಯಾರಿಗೂ ಸಂಶಯ ಬರುವಂತಿರಲಿಲ್ಲ. ಅವಳಿಗೂ ಅದೇ ಬೇಕಾಗಿತ್ತು.

ಎದುರಿಗೆ ಕೂತಿದ್ದವನು ರಾಜರತ್ನ, ಬಬಲೇಶ್ವರದ ಹೈಸ್ಕೂಲಿನ ವಿಜ್ಞಾನದ ಮಾಸ್ತರ. ವಿಜಯಪುರದಲ್ಲಿ ಗೈಬುಸಾಬರು ನಡೆಸುವ ಮಕ್ಕಳ ಮಾಸಿಕಕ್ಕೆ ಅವನು ಕಾಮಿಕ್ಸ್ ಕಥೆ ಬರೆಯುತ್ತಾನೆ, ತಿಕೋಟಾದ ನೀಲಾ ಅದಕ್ಕೆ ಚಿತ್ರ ಬಿಡಿಸುತ್ತಾಳೆ. ದೀಪಾವಳಿಯಿಂದ ಈಚೆ ಇಬ್ಬರದೂ ಬರೀ ಫೋನಿನ ಪರಿಚಯ. ಮಾತು ಕಾಮಿಕ್ಸಿನಿಂದ ಶುರುವಾಗುತ್ತಿತ್ತು, ಎಲ್ಲೆಲ್ಲೋ ಹೋಗಿ ಮುಗಿಯುತ್ತಿತ್ತು. ಆ ದನಿಗೆ ತಾನು ಯಾವಾಗಲೋ ಮನಸೋತಿದ್ದೇನೆಂದು ನೀಲಾ ಯಾರಿಗೂ ಹೇಳಿರಲಿಲ್ಲ. ಇವತ್ತು ಮೊದಲ ಭೇಟಿ, ಆದರೆ ಬಂದದ್ದು ಜಗಳಕ್ಕೆ!

"ಫೋನಿನ್ಯಾಗ ಕೇಳಿದಷ್ಟು ಸಿಟ್ಟಿನವರಲ್ಲ ಬಿಡ್ರಿ ನೀವು," ರಾಜರತ್ನ ನಕ್ಕ. "ಕಣ್ಣು ಭಾಳ ತಣ್ಣಗ ಅದಾವ."

"ಕಣ್ಣು ಆಮ್ಯಾಲ ನೋಡ್ರಿ ಸರ. ಮೊದಲ ಈ ಪುಟ ನೋಡ್ರಿ."

ಅವರ ಕಾಮಿಕ್ಸಿನ ಕಥೆ ಇಷ್ಟು: ಆಕಾಶದಿಂದ ಒಂದು ಕಪ್ಪು ಜೀವಿ ದ್ರಾಕ್ಷಿ ತೋಟಕ್ಕೆ ಬಂದು ಬೀಳುತ್ತದೆ. ಅದಕ್ಕೆ ಸ್ವಂತ ಮೈಯಿಲ್ಲ. ಇನ್ನೊಬ್ಬರ ಮೈಗೆ ಹತ್ತಿಕೊಂಡರಷ್ಟೇ ಬದುಕು. ತೋಟದ ಹುಡುಗಿ ಹುಲಿಗೆವ್ವನ ಮೈತುಂಬ ಅದು ಹಬ್ಬಿಕೊಳ್ಳುತ್ತದೆ. ಅವಳಿಗೆ ಆನೆಬಲ ಬರುತ್ತದೆ, ಒಳಗಿನಿಂದ ಅದರ ದನಿ ಕೇಳುತ್ತದೆ. ಇಷ್ಟು ದಿನ ಆ ಜೀವಿಗೆ ಹೆಸರಿರಲಿಲ್ಲ. ಕೊನೆಯ ಕಂತಿನಲ್ಲಿ ರಾಜರತ್ನ ಹೆಸರಿಟ್ಟಿದ್ದ, 'ಅಂಟು' ಎಂದು. ಕೊನೆಯ ಪುಟದಲ್ಲಿ ಹುಲಿಗೆವ್ವ ಅದನ್ನು ಕಿತ್ತೆಸೆದು, "ನನ್ನ ಮೈ ಸ್ವಚ್ಛ ಆತು" ಎಂದು ನಗುತ್ತಾಳೆ.

"ಅಂಟು ಅಂತ ಯಾಕ ಇಟ್ರಿ?" ಎಂದಳು ನೀಲಾ.

"ಚಂದ ಇಲ್ಲೇನ್ರಿ? ಒಮ್ಮಿ ಹತ್ತಿದ್ರ ಬಿಡಂಗಿಲ್ಲ."

"ಬ್ಯಾರೆ ಹೆಸರ ಸಿಗಲಿಲ್ಲೇನ್ರಿ ನಿಮಗ?"

"ನಿಮ್ಮನ್ನ ನೆನಸಿಕೊಂಡ ಇಟ್ಟೇನಿ," ಎಂದ ಆ ಪುಣ್ಯಾತ್ಮ, ನಾಚುತ್ತ.

ಮುಗಿಯಿತು! ನೀಲಾ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡಳು. ಅವಳ ಕೈ, ಕುತ್ತಿಗೆ, ಗಲ್ಲದ ಮೇಲೆಲ್ಲ ತೊನ್ನಿನ ಬಿಳಿ ಕಲೆಗಳಿದ್ದವು. ಹೋದ ವಾರ ಕೈತಪ್ಪಿ ವಿಡಿಯೋ ಕಾಲ್ ಹತ್ತಿದಾಗ ಅವಳ ಬರಿಗೈ ಒಂದು ಕ್ಷಣ ಕಂಡಿರಬೇಕು. ಇವನು ನೋಡಿದ್ದಾನೆ, ನೋಡಿ ಅಂಟುರೋಗದ ಹೆಸರಿಟ್ಟಿದ್ದಾನೆ, ಮೇಲೆ ನಗುತ್ತಲೂ ಇದ್ದಾನೆ ಎಂದುಕೊಂಡಳು.

"ಈ ಪುಟಕ್ಕ ನಾ ಚಿತ್ರ ಬಿಡಸಂಗಿಲ್ಲ. ಇನ್ನ ಫೋನೂ ಮಾಡಬ್ಯಾಡ್ರಿ," ಎಂದು ಎದ್ದು ಹೋದಳು. ಅವಳ ಚಹಾ ಹಾಗೇ ಆರಿತು. ರಾಜರತ್ನ ಬೆಪ್ಪಾಗಿ ಕೂತ.

ಸುಮ್ಮನೆ ಕೂರುವ ಜಾತಿಯವನಲ್ಲ ಅವನು. ಗೈಬುಸಾಬರನ್ನು ಕಾಡಿ ವಿಳಾಸ ಪಡೆದು ಭಾನುವಾರ ತಿಕೋಟಾಕ್ಕೇ ಬಂದುಬಿಟ್ಟ. ನೀಲಾ ಮನೆಯಲ್ಲಿರಲಿಲ್ಲ, ಊರಾಚೆಯ ಒಣದ್ರಾಕ್ಷಿ ಶೆಡ್ಡಿನಲ್ಲಿದ್ದಳು. ರಜೆಯ ದಿನ ಸೋದರತ್ತೆ ಪರಸವ್ವನ ಜೊತೆ ಅಲ್ಲಿ ದ್ರಾಕ್ಷಿ ಆರಿಸುವುದು ಅವಳಿಗೆ ರೂಢಿ. ಅಲ್ಲಿ ಎಲ್ಲರೂ ಮನೆಯವರಂತೆ, ಹಾಗಾಗಿ ಸ್ಕಾರ್ಫ್ ಮೊಳೆಗೆ, ಗ್ಲೌಸ್ ಚೀಲಕ್ಕೆ.

"ಯಾರ ಬೇಕಾಗಿತ್ರಿ ಯಪ್ಪಾ?" ಎಂದಳು ಪರಸವ್ವ.

ನೀಲಾ ತಲೆಯೆತ್ತಿದಳು. ಬಾಗಿಲಲ್ಲಿ ಅವನು. ಕೈ ಮುಚ್ಚಲೋ ಮುಖ ಮುಚ್ಚಲೋ ತಿಳಿಯದೆ ಎರಡೂ ಕೈಯನ್ನು ದ್ರಾಕ್ಷಿಯ ರಾಶಿಯೊಳಗೆ ತೂರಿಸಿದಳು. ಅವನು ನೋಡಿದ. ಕೈ, ಕುತ್ತಿಗೆ, ಗಲ್ಲ. ನೋಡುತ್ತ ನೋಡುತ್ತ ಅವನ ಮುಖ ಕಪ್ಪಿಟ್ಟಿತು.

"ಅಯ್ಯಯ್ಯ! ಅದಕ್ಕ ನಿಮಗ ಹಂಗ ಕೇಳಿಸ್ತೇನ್ರಿ, ಅಂಟು ಅಂದ್ರ?"

"ಮತ್ತ ಹ್ಯಾಂಗ ಕೇಳಬೇಕಿತ್ರಿ? ವಿಡಿಯೋದಾಗ ನೋಡಿರಲಿಲ್ಲೇನು?"

"ವಿಡಿಯೋದಾಗ ನಿಮ್ಮ ಮನಿ ಫ್ಯಾನ್ ಒಂದ ಕಂಡಿದ್ದು ನನಗ!" ಅವನು ಹಣೆ ಬಡಿದುಕೊಂಡ. "ನಮ್ಮ ಮನ್ಯಾಗ ದ್ರಾಕ್ಷಿ ನರ್ಸರಿ ಐತ್ರಿ. ಕಾಡುಬೇರಿಗೆ ಸಿಹಿ ಬಳ್ಳಿ ಕೂಡಿಸಿ ಕಸಿ ಕಟ್ಟತಾರಲ್ಲ, ಅದಕ್ಕ ಊರೆಲ್ಲ ಕಲಮು ಅಂದ್ರ ನಮ್ಮ ಆಯಿ ಒಬ್ಬಾಕಿ ಅಂಟು ಅಂತಾಳ. ನಾ ಸಣ್ಣಾಂವಿದ್ದಾಗಿಂದ ಕೇಳಿದ್ದು ಅದ ಮಾತು."

ನೀಲಾಳ ಕೈ ಇನ್ನೂ ದ್ರಾಕ್ಷಿಯ ರಾಶಿಯೊಳಗೇ ಇತ್ತು.

"ಎರಡು ಗಿಡ ಕೂಡಿ ಒಂದ ಬಳ್ಳಿ ಆಗ್ತಾವ. ಬೇರಿಗೆ ಬಳ್ಳಿ ಬೇಕು, ಬಳ್ಳಿಗೆ ಬೇರು ಬೇಕು. ಆ ಕರೀ ಜೀವಿನೂ ಹಂಗ ಅಲ್ಲೇನ್ರಿ? ಸಣ್ಣಾಂವಿದ್ದಾಗಿಂದ ಅಂಥಾ ಕಾಮಿಕ್ಸ್ ಓದೇನಿ. ಎಲ್ಲಾರೂ ಅದನ್ನ ರಾಕ್ಷಸ ಅಂತಿದ್ರು. ನನಗ ಅದರ ಮ್ಯಾಲ ಮರುಕ. ಬ್ಯಾಡಾತು ಅಂತ ಕಿತ್ತ ಒಗದ್ರ ಅದು ಎಲ್ಲಿ ಹೋಗಬೇಕು? ಆ ಸ್ವಚ್ಛದ ಮಾತು ಗೈಬುಸಾಬರು ಬರಸಿದ್ದು. ಹೆಸರಷ್ಟ ನಂದು. ಫೋನಿನ್ಯಾಗ ಹೇಳಾಕ ಧೈರ್ಯ ಆಗಲಿಲ್ಲ, ಕಾಮಿಕ್ಸಿನ್ಯಾಗ ಹೇಳಿದೆ. ನೀವು ಬೈದ ಎದ್ದ ಹೋದ್ರಿ."

ಪರಸವ್ವನ ಕೈ ನಿಂತೇಹೋಗಿತ್ತು. ಕಿವಿ ಮಾತ್ರ ಕೆಲಸ ಮಾಡುತ್ತಿದ್ದವು.

ನೀಲಾ ನಿಧಾನಕ್ಕೆ ಕೈ ಹೊರತೆಗೆದಳು. "ಈಗ ನೋಡಿದ್ರಲ್ಲ. ಇದು ಇಷ್ಟಕ್ಕ ನಿಂದ್ರತೈತಿ ಅಂತಿಲ್ಲ. ನಾಳೆ ಮುಖದ ತುಂಬಾ ಬರಬಹುದು. ಹೇಳಿದ್ರ ನೀವು ಫೋನ್ ಇಡತೀರಿ ಅಂತ ಅಂಜಿ ಹೇಳಲಿಲ್ಲ ನಾ. ಕರುಣಾ ಗಿರುಣಾ ಇದ್ರ ಈಗ ಹೋಗ್ರಿ."

"ಕರುಣಾ ಎಲ್ಲೈತ್ರಿ, ಸಿಟ್ಟ ಬಂದೈತಿ ನನಗ!" ಅವನು ಬಾಗಿಲಿಂದ ಒಳಗೆ ಬಂದ. "ನನ್ನ ಕೇಳದ ನನ್ನ ಉತ್ತರ ನೀವ ಬರಕೊಂಡ್ರಿ. ಚಿತ್ರ ನಿಮ್ಮ ಕೆಲಸ. ಮಾತು ಬರಿಯೋದು ನನ್ನ ಕೆಲಸ ಅಲ್ಲೇನು?"

ನೀಲಾಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. "ಹಂಗಾರ ಹೇಳ್ರಿ, ನಿಮ್ಮ ಮಾತು ಏನೈತಿ?"

ಅಷ್ಟು ಮಾತುಗಾರ ಅವನು. ಆದರೆ ಹೇಳಿದ್ದು ಒಂದೇ ಸಾಲು, "ನೀಲಾ, ನಿನ್ನ ಬಿಟ್ಟ ಇರಾಕ ಆಗಂಗಿಲ್ಲ ನನಗ."

ಅವಳು ಕಣ್ಣೊರೆಸಿಕೊಂಡಳು. "ಹುಲಿಗೆವ್ವ ಅದನ್ನ ಕೀಳಬಾರದು," ಎಂದಳು.

"ಮತ್ತ?"

"ಇಷ್ಟು ದಿನ ಅದು ಕೇಳದ ಹತ್ತಿಕೊಂಡೈತಿ. ಒಮ್ಮೆಯಾದ್ರೂ ಕೇಳಬೇಕು, ಇರಲೇನು ಅಂತ. ಆಕಿ ಹೂಂ ಅನಬೇಕು. ನಡೀ, ಈಗ ಗೈಬುಸಾಬರಿಗೆ ಹೇಳಿ ಬರೂಣು."

'ನಡೀರಿ' ಹೋಗಿ 'ನಡೀ' ಆದದ್ದು ರಾಜರತ್ನನ ಕಿವಿಗೆ ಬಿತ್ತು. ಸಕ್ಕರೆ ತಿಂದವನಂತೆ ಹಿಂದೆ ಹೊರಟ.

"ಸ್ಕಾರ್ಫ್ ಬಿಟ್ಟ ಹೊಂಟಿಯಲ್ಲ ಬೇ!" ಎಂದು ಪರಸವ್ವ ಕೂಗಿದಳು.

"ಇರಲಿ ಅತ್ತಿ."

ಇರಲಿ ಎಂದಳು, ಸರಿ. ಆದರೆ ವಿಜಯಪುರದ ಬಸ್ಸು ಹತ್ತುವಾಗ ಅವಳ ಕೈ ಸ್ಕಾರ್ಫ್ ಹುಡುಕಿ ಕುತ್ತಿಗೆಗೆ ಹೋಯಿತು. ಬರಿ ಮುಖ, ಬರಿಗೈ, ತುಂಬಿದ ಬಸ್ಸು. ಮೂವರ ಸೀಟಿನಲ್ಲಿ ಕಿಟಕಿಗೆ ಒಬ್ಬ ದಪ್ಪನೆಯ ಹೆಂಗಸು ಕೂತಿದ್ದಳು. ನೀಲಾ ಪಕ್ಕದಲ್ಲಿ ಕೂತಳು, ಅವಳಾಚೆ ರಾಜರತ್ನ. ಹೆಂಗಸು ನೀಲಾಳ ಕೈ ನೋಡಿದಳು, ಗಲ್ಲ ನೋಡಿದಳು, ಸೆರಗು ಎಳೆದುಕೊಂಡು ಕಿಟಕಿಗೆ ಒತ್ತಿ ಸರಿದಳು.

ರಾಜರತ್ನ ಏನೋ ಹೇಳಲು ಬಾಯಿ ತೆರೆದ. ನೀಲಾ ಅವನ ಮೊಣಕಾಲು ತಿವಿದು ಸುಮ್ಮನಾಗಿಸಿದಳು. ಈ ಮಾತು ಅವಳದು.

"ಅಂಜಬ್ಯಾಡ ಯಕ್ಕಾ, ಈ ಬಿಳಿ ಕಲೆ ಯಾರಿಗೂ ಅಂಟಂಗಿಲ್ಲ," ಎಂದಳು, ಹಿಂದಿನ ಸೀಟಿಗೂ ಕೇಳುವಂತೆ. "ಅಂಟಿದಾಂವ ಇವ ಒಬ್ಬನ."

ಬಸ್ಸಿನಲ್ಲಿ ಯಾರೋ ಕಿಸಕ್ಕೆಂದರು. ರಾಜರತ್ನನ ಮುಖ ಕಿವಿಯವರೆಗೆ ಕೆಂಪೇರಿತು. ಹೆಂಗಸು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. ಮುಖದ ಗಂಟು ಸಡಿಲವಾಯಿತು, ನಗು ಬಂತು, ಸರಿದಿದ್ದ ಮೈ ಇತ್ತ ಬಂತು.

"ಗಟ್ಟಿ ಅಂಟ್ಯಾನೇನವ್ವಾ?"

ನೀಲಾ ಉತ್ತರಿಸುವ ಮೊದಲೇ ರಾಜರತ್ನ ಎಲ್ಲರೆದುರೇ ಅವಳ ಬರಿಗೈ ಹಿಡಿದುಕೊಂಡ.

"ಬಿಡಸಾಕ ಬರಂಗಿಲ್ರಿ ಯಕ್ಕಾ," ಎಂದ.