ಕುಂಕುಮ ಹಚ್ಚಿದ ಪೆಟ್ಟಿಗೆ

ಅಕ್ಟೋಬರ್ ಕೊನೆಯ ಸೋಮವಾರ ಬೆಳಿಗ್ಗೆ ಸಾರಕ್ಕಿಯ ರೇಖಾ ಠಾಣೆಗೆ ಬಂದು ಇನ್ಸ್‌ಪೆಕ್ಟರ್ ಅಂಜನಾ ಮುಂದೆ ಒಂದು ಪ್ಲಾಸ್ಟಿಕ್ ಕವರ್ ಇಟ್ಟಳು.

"ನಮ್ಮಮ್ಮ ಮುನಿಯಕ್ಕ, ಮಾರ್ಕೆಟ್ಟಲ್ಲಿ ಸೊಪ್ಪು ಮಾರ್ತಿದ್ರು. ಆಪರೇಷನ್ ಆಗಿ ವಾರಕ್ಕೇ ನಂಜೇರಿ ಹೋಗ್ಬಿಟ್ರು ಮೇಡಂ."

"ಏನ್ ಆಪರೇಷನ್?"

ರೇಖಾ ಹೆಡ್ ಕಾನ್‌ಸ್ಟೆಬಲ್ ಚನ್ನಬಸವಯ್ಯನ ಕಡೆ ನೋಡಿ ಸುಮ್ಮನಾದಳು. ಆತ ಎದ್ದು ಹೊರಗೆ ಹೋದ ಮೇಲೆ ಬಾಯಿಬಿಟ್ಟಳು. ಮುನಿಯಕ್ಕನ ಗರ್ಭಕೋಶ ಜಾರಿತ್ತು. ಎಷ್ಟೋ ವರ್ಷ ಬಟ್ಟೆ ಬಿಗಿದುಕೊಂಡೇ ಸೊಪ್ಪಿನ ಮೂಟೆ ಹೊತ್ತಿದ್ದಳು, ಮಗಳಿಗೂ ಹೇಳಿರಲಿಲ್ಲ. ನಾಚಿಕೆ ಎಂಥ ದರಿದ್ರದ ಕಾಯಿಲೆ ಎಂದು ಅಂಜನಾಗೆ ಸಿಟ್ಟು ಬಂತು.

ಎಫ್‌ಐಆರ್ ದಾಖಲಾಯಿತು. ಜಾರಿದ ಭಾಗವನ್ನು ಎತ್ತಿ ಹಿಡಿಯಲು ವೈದ್ಯರು ಒಳಗೆ ಹೊಲಿದಿದ್ದ ಗ್ರಾಫ್ಟ್‌ನಿಂದಲೇ, ಅಂದರೆ ಪ್ರಾಣಿಯ ಅಂಗಾಂಶದಿಂದ ತಯಾರಿಸಿದ ತೆಳುಪಟ್ಟಿಯಿಂದಲೇ, ಸೋಂಕು ಹಬ್ಬಿದೆ ಎಂದು ಎರಡು ದಿನದ ಮೇಲೆ ಬಂದ ಮರಣೋತ್ತರ ಪರೀಕ್ಷೆಯ ವರದಿ ಹೇಳಿತು.

ರೇಖಾ ತಂದ ಕವರಿನಲ್ಲಿದ್ದದ್ದು ಆ ಗ್ರಾಫ್ಟ್‌ನ ಪೆಟ್ಟಿಗೆ, ಒಳಗೆ ಬಿಚ್ಚಿದ ಖಾಲಿ ಪೊಟ್ಟಣ. ಇನ್ಶೂರೆನ್ಸ್‌ಗೆ ಬೇಕಾಗುತ್ತದೆಂದು ಬಿಲ್ಲಿನ ಜೊತೆ ಆಸ್ಪತ್ರೆಯವರು ಕೊಟ್ಟಿದ್ದರು. ಪೆಟ್ಟಿಗೆಯ ಮೇಲೆ ಕುಂಕುಮದ ಬೊಟ್ಟು, ಅದರ ಪಕ್ಕ ಸಣ್ಣ ತೂತು. ಅಂಜನಾ ತಲೆಯೆತ್ತಿದಳು. ಠಾಣೆಯ ವೈರ್‌ಲೆಸ್ ಸೆಟ್ಟಿನ ಮೇಲೂ ಆಯುಧಪೂಜೆಯ ಕುಂಕುಮ ಇನ್ನೂ ಇತ್ತು. ಪಕ್ಕದ ನೋಟಿಸ್ ಬೋರ್ಡಿಗೆ ಪಿನ್ನಿನಿಂದ ಚುಚ್ಚಿದ್ದ ಸೇವಂತಿಗೆ ಒಣಗಿತ್ತು. ಅವಳು ಪೆಟ್ಟಿಗೆಯೊಳಗಿನ ಪೊಟ್ಟಣ ತೆಗೆದು ನೋಡಿದಳು. ಅದೇ ಜಾಗದಲ್ಲಿ ಅದಕ್ಕೂ ತೂತಾಗಿತ್ತು. ಎರಡನ್ನೂ ಪಂಚನಾಮೆ ಮಾಡಿ ವಶಕ್ಕೆ ಪಡೆದರು.

ಅಂದೇ ಮಧ್ಯಾಹ್ನ ಜಯನಗರದಲ್ಲಿ ಆಪರೇಷನ್ ನಡೆದಿದ್ದ ನರ್ಸಿಂಗ್ ಹೋಮ್‌ನಲ್ಲಿ ವೈದ್ಯರ ಹೇಳಿಕೆ ಪಡೆದ ಮೇಲೆ ಆಪರೇಷನ್ ಥಿಯೇಟರ್ ನರ್ಸ್ ಶಾಲಿನಿಯನ್ನು ವಿಚಾರಣೆಗೆ ಕೂರಿಸಿದರು.

"ಆಯುಧಪೂಜೆ ದಿನ ಈ ಪೆಟ್ಟಿಗೆಗೆ ಹೂ ಚುಚ್ಚಿದ್ದು ಯಾರು?"

"ನಾನೇ. ಬೇರೆ ಸಾಮಾನಿನ ಪೆಟ್ಟಿಗೆಗೆಲ್ಲ ದಾರದಲ್ಲಿ ಕಟ್ಟಿದ್ವಿ. ಇದಕ್ಕೆ ದಾರ ಸಾಲ್ಲಿಲ್ಲ, ಪಿನ್ ಹಾಕ್ದೆ."

"ತೂತು ಯಾವಾಗ ನೋಡಿದ್ರಿ?"

"ಆಪರೇಷನ್ ಮಧ್ಯೆ. ಒಳಗಿನ ದ್ರವ ಸೋರಿ ಪೊಟ್ಟಣದ ಹೊರಗಡೆ ಒದ್ದೆ ಆಗಿತ್ತು."

"ಡಾಕ್ಟರಿಗೆ ಹೇಳಿದ್ರಾ?"

"ಇಲ್ಲ. ಇನ್ನೊಂದು ಗ್ರಾಫ್ಟ್ ಇರ್ಲಿಲ್ಲ, ಇದನ್ನೇ ಬಿಚ್ಚಿ ಡಾಕ್ಟರ್ ತಗೊಳ್ಳೋ ಬಟ್ಟಲಿಗೆ ಹಾಕ್ಬಿಟ್ಟೆ."

"ಹೇಳಿದ್ದಿದ್ರೆ ಗ್ರಾಫ್ಟ್ ಇಲ್ದೆ ಬರೀ ಹೊಲಿಗೆ ಹಾಕಿ ಮುಗಿಸ್ತಿದ್ದೆ ಅಂದ್ರು ಅವ್ರು."

"ಹೊಲಿಗೆ ಬಿಟ್ಟು ಮತ್ತೆ ಜಾರುತ್ತೆ ಮೇಡಂ. ನಮ್ಮಮ್ಮಂಗೆ ಹಂಗೇ ಆಯ್ತು." ಶಾಲಿನಿ ಸೆರಗಿನ ತುದಿ ಹಿಂಡಿದಳು. "ಈ ಅಜ್ಜಿ ನನ್ ಕೈ ಹಿಡ್ಕೊಂಡು, ಇವತ್ತೊಂದಿನ ಧೈರ್ಯ ಮಾಡಿದೀನಿ ಕಣವ್ವ, ಇನ್ನೊಂದ್ಸಲ ಬರಕ್ಕಾಗಲ್ಲ ಅಂದಿದ್ರು."

ಸಂಜೆ ಶಾಲಿನಿಯ ಬಂಧನವಾಯಿತು. ಶ್ರೀನಗರ ಬಡಾವಣೆಯಲ್ಲಿದ್ದ ತನ್ನ ತಾಯಿ ಬೈರಮ್ಮನ ವಿಷಯವನ್ನೂ ಅವಳು ಹೇಳಿಕೆಯಲ್ಲಿ ತಿಳಿಸಿದಳು. ಎರಡನೇ ಸಲ ಜಾರಿದ ಮೇಲೆ ಬೈರಮ್ಮ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ವಾಸನೆ ಬರುತ್ತದೆಂದು ತಾನೇ ಚಾಪೆ ಎತ್ತಿಕೊಂಡು ಹಿತ್ತಿಲಿನ ಕೋಣೆ ಸೇರಿದವಳು ಅಲ್ಲೇ ತೀರಿಹೋದಳು. ಇದು ತಪ್ಪಿಗೆ ಸಮರ್ಥನೆಯಲ್ಲ. ಆದರೂ ಹೇಳಿಕೆ ಬರೆದುಕೊಳ್ಳುತ್ತಿದ್ದ ಚನ್ನಬಸವಯ್ಯ ಪೆನ್ನು ಕೆಳಗಿಟ್ಟ.

ಮರುದಿನ ತನ್ನ ಹೇಳಿಕೆಗೆ ಸಹಿ ಹಾಕಲು ಬಂದ ರೇಖಾಗೆ ವಿಷಯ ತಿಳಿಸಿದರು.

"ಯಾರು, ಶಾಲಿನಿ ಸಿಸ್ಟರಾ?" ಅವಳು ಸಹಿ ಹಾಕದೆ ಕಾಗದ ಪಕ್ಕಕ್ಕೆ ಸರಿಸಿದಳು. "ಜ್ವರದಲ್ಲೂ ಅಮ್ಮ ಅವರ್ನೇ ಕರೀತಿದ್ರು. ಅವಳೊಬ್ಬಳ ಮುಂದೆ ನಂಗೆ ನಾಚಿಕೆ ಆಗ್ಲಿಲ್ಲ ಕಣೇ ಅಂತಿದ್ರು."