ತೊಂಬತ್ತೆರಡು ಅಂಕದ ರಾಣಿ

ಸೋಮವಾರ ಬೆಳಿಗ್ಗೆ 10.20ಕ್ಕೆ ಬಸ್ ಚಾಲಕನೊಬ್ಬ ಠಾಣೆಗೆ ಬಂದು ದೂರು ಬರೆದುಕೊಟ್ಟ. ಮಾರುಕಟ್ಟೆ ರಸ್ತೆಯ ದಿನಸಿ ಅಂಗಡಿಯ ತಿಂಡಿ ಕೌಂಟರಿನಿಂದ ಶನಿವಾರ ತಂದ ಕೋಳಿ ಸ್ಯಾಂಡ್‌ವಿಚ್ ತಿಂದು ಅವನ ತಾಯಿ ಐಸಿಯು ಸೇರಿದ್ದರು. ಅಲ್ಲಿಯೇ ತಿಂದ ಇನ್ನೂ ಹದಿನಾರು ಜನ ವಾಂತಿ ಭೇದಿಯಿಂದ ನರಳುತ್ತಿದ್ದರು.

"ಅಮ್ಮ ಬೇಡ ಬೇಡ ಅಂದ್ರು ಸಾರ್. ನಾನೇ ಬಲವಂತ ಮಾಡಿ ತಿನ್ನಿಸ್ದೆ. ಗೋಡೆ ತುಂಬ ಸರ್ಟಿಫಿಕೇಟ್ ಇತ್ತಲ್ಲ, ನಂಬಿದೆ," ಎಂದು ಅತ್ತ.

ಎಫ್‌ಐಆರ್ ದಾಖಲಿಸಿ ಇನ್ಸ್‌ಪೆಕ್ಟರ್ 11.45ಕ್ಕೆ ಅಂಗಡಿಯ ಹಿಂದಿನ ಅಡುಗೆಮನೆ ಹೊಕ್ಕರು. ಪಂಚನಾಮೆ ಬರೆಯಬೇಕಿದ್ದ ಹೆಡ್ ಕಾನ್‌ಸ್ಟೇಬಲ್ ಬಾಗಿಲಲ್ಲೇ ಮೂಗು ಮುಚ್ಚಿಕೊಂಡ. ಹಸಿ ಕೋಳಿ ಕಡಿದ ಹಲಗೆಯ ಮೇಲೆಯೇ ಟೊಮೆಟೊ ಹೆಚ್ಚುತ್ತಿದ್ದರು. ಫ್ರಿಜ್ಜಿನ ತಳದಲ್ಲಿ ಗುಲಾಬಿ ಬಣ್ಣದ ಲೋಳೆ ನೀರು ನಿಂತು, ಅದರಲ್ಲಿ ಬ್ರೆಡ್ಡಿನ ಪೊಟ್ಟಣ ನೆನೆಯುತ್ತಿತ್ತು. ಒರೆಸುವ ಬಟ್ಟೆ ಒಂದೇ: ಮೇಜಿಗೂ ಅದೇ, ತಟ್ಟೆಗೂ ಅದೇ, ಬಾಣಸಿಗನ ಕುತ್ತಿಗೆಯ ಬೆವರಿಗೂ ಅದೇ. ಛೀ, ಮೂರು ದಿನ ಅನ್ನ ಸೇರದಂಥ ನೋಟ.

ಕೌಂಟರಿನಿಂದ ಕಾಣುವ ಗೋಡೆ ಮಾತ್ರ ಫಳಫಳ. ಆಹಾರ ಸುರಕ್ಷತಾ ತರಬೇತಿಯ ಹನ್ನೊಂದು ಪ್ರಮಾಣಪತ್ರಗಳು ಗಾಜಿನ ಚೌಕಟ್ಟಿನಲ್ಲಿದ್ದವು.

"ಎಷ್ಟು ಜನ ಕೆಲಸ ಮಾಡ್ತೀರಿ?" ಇನ್ಸ್‌ಪೆಕ್ಟರ್ ಕೇಳಿದರು.

"ಹತ್ತು ಜನ ಸಾರ್," ಎಂದ ಬಾಣಸಿಗ.

"ಮತ್ತೆ ಈ ರಾಣಿ ಯಾರು? ತೊಂಬತ್ತೆರಡು ಅಂಕ ತಗೊಂಡಿದಾಳೆ."

ಬಾಣಸಿಗ ತಲೆ ಕೆರೆದುಕೊಂಡು ಹಿಟ್ಟಿನ ಮೂಟೆಯತ್ತ ಕೈ ತೋರಿಸಿದ. ಅದರ ಮೇಲೆ ಬೂದು ಬೆಕ್ಕೊಂದು ಮೈ ನೆಕ್ಕುತ್ತ ಮಲಗಿತ್ತು.

"ತರಬೇತಿ ಮೇಷ್ಟ್ರು ಫೋನಲ್ಲಿ ಹೆಸರು ಕೇಳಿದ್ರು. ತಮಾಷೆಗೆ ಇವಳದ್ದೂ ಹೇಳ್ದೆ. ಬರ್ಕೊಂಡೇಬಿಟ್ರು."

"ಪಾಠ ಮಾಡೋಕೆ ಬರಲೇ ಇಲ್ವಾ?"

"ಒಂದ್ಸಲ ಬಾಗಿಲವರೆಗೆ ಬಂದ್ರು. ಮುಖ ಸಿಂಡರಿಸ್ಕೊಂಡು ಹೋದೋರು ಹೋದ್ರು."

ಅಂಗಡಿ ಮಾಲೀಕನನ್ನು ಅಂದೇ ಸಂಜೆ ಬಂಧಿಸಲಾಯಿತು. ಮಂಗಳವಾರ ತರಬೇತಿ ಕಚೇರಿಯಿಂದ ಉತ್ತರಪತ್ರಿಕೆಗಳನ್ನು ವಶಪಡಿಸಿಕೊಂಡರು. ಹನ್ನೊಂದರಲ್ಲೂ ಒಂದೇ ಕೈಬರಹ, ಮೇಷ್ಟರದ್ದು. ಬಾಣಸಿಗನಿಗಿಂತ ಬೆಕ್ಕಿಗೆ ಎರಡು ಅಂಕ ಹೆಚ್ಚು ಬಂದಿತ್ತು. ನಗಬೇಕೆಂದರೂ ಯಾರಿಗೂ ನಗು ಬರಲಿಲ್ಲ.

ಗುರುವಾರ ಪ್ರಯೋಗಾಲಯದ ವರದಿ ಬಂತು. ರೋಗಾಣು ಆ ಹಲಗೆಯಿಂದಲೇ ಹಬ್ಬಿತ್ತು. ಮಧ್ಯಾಹ್ನ 1.10ಕ್ಕೆ ಚಾಲಕನ ಫೋನ್ ಬಂತು. "ಅಮ್ಮ ಹೋಗ್ಬಿಟ್ರು ಸಾರ್," ಎಂದಷ್ಟೇ ಹೇಳಿ ಇಟ್ಟ.

2.05ಕ್ಕೆ ಪೊಲೀಸರು ಮೇಷ್ಟರ ಮನೆಗೆ ಹೋದಾಗ ಅವನು ಊಟಕ್ಕೆ ಕೂತಿದ್ದ. ಅವನ ಅಡುಗೆಮನೆಯಲ್ಲಿ ಹುಡುಕಿದರೂ ಒಂದು ಕಲೆ ಸಿಗುತ್ತಿರಲಿಲ್ಲ. ಮಾಂಸಕ್ಕೊಂದು ಹಲಗೆ, ತರಕಾರಿಗೆ ಇನ್ನೊಂದು. ಫ್ರಿಜ್ಜಿನೊಳಗೆ ಉಷ್ಣತೆ ಅಳೆಯುವ ಮಾಪಕ. ಎದ್ದು ಬೆರಳ ಸಂದಿಯನ್ನೂ ಬಿಡದೆ ಸೋಪು ಹಚ್ಚಿ ಕೈ ತೊಳೆದು, ಬೇಡಿಗೆ ಒಡ್ಡಿದ.

"ಇಷ್ಟೆಲ್ಲ ಗೊತ್ತಿದ್ದೂ ಅವರಿಗೆ ಯಾಕ್ರೀ ಹೇಳಿಕೊಡ್ಲಿಲ್ಲ?" ಇನ್ಸ್‌ಪೆಕ್ಟರ್ ಕೇಳಿದರು.

"ಹೇಳಿಕೊಡೋಕೆ ಒಳಗೆ ಹೋಗ್ಬೇಕಲ್ಲ ಸಾರ್. ಅಂಥ ಕಡೆ ನಂಗೆ ವಾಕರಿಕೆ ಬರುತ್ತೆ."

ಅಂಗಡಿಯಲ್ಲಿ ತಡೆದುಕೊಂಡಿದ್ದ ವಾಕರಿಕೆ ಇನ್ಸ್‌ಪೆಕ್ಟರಿಗೆ ಈ ಮನೆಯಲ್ಲಿ ಬಂತು. ಅವರು ಹೊರಗೆ ಹೋಗಿ ನಿಂತರು.

"ಕಾರಣ ಏನಂತ ಬರೀಲಿ ಸಾರ್? ದುಡ್ಡಿನಾಸೆ ಅನ್ಲಾ?" ಹೆಡ್ ಕಾನ್‌ಸ್ಟೇಬಲ್ ಕೇಳಿದ.

"ಬೇಡ. ಅವನು ಹೇಳಿದ್ದನ್ನೇ ಬರಿ."