ಉಳಿದೊಂದು ಹಸಿರು ದೀಪ

ಮದುವೆಗೆ ಮುಂಚೆ ಹುಡುಗಿಗೆ ಮನೆ ತೋರಿಸುವ ಗಂಡು ಬಾಲ್ಕನಿ ತೋರಿಸುತ್ತಾನೆ, ಅಡುಗೆಮನೆ ತೋರಿಸುತ್ತಾನೆ. ಗುರುಪಾದ ಮಾತ್ರ ದಾನೇಶ್ವರಿಯ ಕೈಹಿಡಿದು ನೇರ ಟಿವಿಯ ಹಿಂದಕ್ಕೆ ಕರೆದೊಯ್ದ. ಅಲ್ಲಿ ಕೇಬಲ್ಲುಗಳ ನಡುವೆ ಪುಟ್ಟ ಹಸಿರು ದೀಪಗಳು ಮಿಣುಕುತ್ತಿದ್ದವು.

ಎಂಥಾ ಹುಚ್ಚಪ್ಪ ಎಂದು ಅವಳಿಗೆ ನಗು ಬಂತು. ಮಾಟುಂಗದಲ್ಲಿ ಕಾಫಿ ಕುಡಿಯುತ್ತ, ಮನೆಯಿಂದ ಕೆಲಸ ಮಾಡುವಾಗ ವೈಫೈ ಕೈಕೊಡುತ್ತದೆ ಎಂದು ಒಮ್ಮೆ ಗೊಣಗಿದ್ದಳು, ಅಷ್ಟೇ. ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಡೊಂಬಿವಲಿಯ ಈ ಫ್ಲ್ಯಾಟಿನ ತುಂಬ ಕೇಬಲ್ ಎಳೆಸಿದ್ದ.

ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ವಿವರಿಸಿದ. ಹೊರಗಿನ ಲೈನು ಮೋಡೆಮ್ಮಿಗೆ, ಅಲ್ಲಿಂದ ರೂಟರಿಗೆ. ರೂಟರಿನಲ್ಲಿ ಕೇಬಲ್ ಚುಚ್ಚುವ ಪೋರ್ಟ್ ಸಾಲದಿದ್ದರೆ ಇಗೋ ಈ ಚಪ್ಪಟೆ ಪೆಟ್ಟಿಗೆ, ಇದಕ್ಕೆ ಸ್ವಿಚ್ ಅನ್ನುತ್ತಾರೆ.

"ಒಂದ್ ದೀಪ ಮಿಣುಕಿತಂದ್ರ, ಆ ಕೇಬಲ್ಲಿನ ಆ ತುದಿಯೊಳಗ ಏನೋ ಎಚ್ಚರ ಐತಿ ಅಂತ ತಿಳ್ಕೋ," ಎಂದ.

ಅವನ ಉಸಿರು ಕಿವಿಗೆ ತಾಗುತ್ತಿತ್ತು. ಅವಳು ದೀಪ ಬಿಟ್ಟು ಅವನ ರೆಪ್ಪೆಗಳನ್ನೇ ನೋಡಿದಳು. ಅದು ಕಂಡು ಅವನು ನಾಚಿ ಕೆಂಪಾದ.

ಆಟಕ್ಕೆಂದು ಅವಳು ಒಂದೊಂದೇ ಕೇಬಲ್ ಮುಟ್ಟಿ ಕೇಳತೊಡಗಿದಳು. ಇದು ರೂಟರಿನಿಂದ ಬಂದದ್ದು. ಇದು ಟಿವಿಯದು. ಇದು ಅವಳ ಕೆಲಸದ ಮೇಜಿನದು. ಮುಂದಿನದಕ್ಕೆ ಬೆರಳು ಹೋಗುತ್ತಲೇ ಅವನು, ಚಹಾ ಮಾಡಲೇ ಎಂದು ಎದ್ದ.

ಅವನು ಉತ್ತರ ತಪ್ಪಿಸಿದ್ದು ಅವಳಿಗೆ ತಿಳಿಯಿತು. ಆ ಕೇಬಲ್ಲಿನ ಹಿಂದೆಯೇ ಹೋದಳು. ಅದು ಗೋಡೆ ಹತ್ತಿ, ಕಿಟಕಿಯ ಪರದೆಯ ಮರೆಯಲ್ಲಿ ಮುಗಿದಿತ್ತು. ಅಲ್ಲೊಂದು ಪುಟ್ಟ ಕ್ಯಾಮೆರಾ ಅವಳ ಮೇಜಿನ ಕುರ್ಚಿಯನ್ನೇ ನೋಡುತ್ತಿತ್ತು.

ಗುರುಪಾದ ತಲೆ ತಗ್ಗಿಸಿ ಹೇಳಿಕೊಂಡ. ಅವ್ವ ಚಂದ್ರವ್ವ ಮೊದಲಿದ್ದ ಚಾಳಿನ ಖೋಲಿಯಲ್ಲಿ ಒಬ್ಬಳೇ ಜಾರಿ ಬಿದ್ದಾಗ ಇವನು ಬಾಂದ್ರಾದ ಆಫೀಸಿನಲ್ಲಿದ್ದ. ಸಂಜೆ ಬಂದು ಬಾಗಿಲು ತೆಗೆದಾಗ ಮೈ ತಣ್ಣಗಾಗಿತ್ತು.

"ನಿನ್ನೂ ಕಳಕೊಂಡ್ರ ನಾ ಉಳಿಯಂಗಿಲ್ಲ ದಾನು. ನೀ ಅಂದ್ರ ನನಗ ಅಷ್ಟು ಜೀವ."

ಅವಳ ಕಣ್ಣು ತುಂಬಿತು. ಅವಳಿಗೂ ಅವನೆಂದರೆ ಅಷ್ಟೇ ಜೀವ. ಲಗ್ನದ ಕಾರ್ಡುಗಳು ಆಗಲೇ ವಿಜಯಪುರ ಮುಟ್ಟಿದ್ದವು. ಅವನ ಗಲ್ಲ ಸವರಿದಳು.

"ಅಂಜಿಕಿ ಆದ್ರ ಫೋನ್ ಮಾಡ್ರಿ, ನೂರು ಸಲ ಮಾಡ್ರಿ. ಕದ್ದು ನೋಡೂದು ಮಾತ್ರ ಬ್ಯಾಡ್ರಿ. ಕ್ಯಾಮೆರಾ ಇದೊಂದ ಹೌದಿಲ್ಲ?"

ಇದೊಂದೇ, ಅವ್ವನ ಆಣೆ ಎಂದ.

ಅವಳೇ ಬಂದು ಸ್ವಿಚ್ಚಿನಿಂದ ಆ ಕೇಬಲ್ ಕಿತ್ತಳು. ದೀಪ ಆರಿತು. ಅವನು ಅವಳ ಹೆಗಲಿಗೆ ಹಣೆಯಿಟ್ಟು ಮಗುವಿನ ಹಾಗೆ ಅತ್ತ. ಇನ್ನು ಎಲ್ಲ ಸರಿಹೋಯಿತು ಎಂದುಕೊಂಡು ಅವನ ಕೂದಲಲ್ಲಿ ಬೆರಳಾಡಿಸಿದಳು.

ಆಗ ಕಣ್ಣು ಮತ್ತೆ ಸ್ವಿಚ್ಚಿನ ಮೇಲೆ ಬಿತ್ತು. ರೂಟರು, ಟಿವಿ, ಮೇಜು. ಅವುಗಳಾಚೆ, ಕಟ್ಟಕಡೆಗೆ, ಇನ್ನೂ ಒಂದು ದೀಪ ಮಿಣುಕುತ್ತಿತ್ತು. ಅದರ ಕೇಬಲ್ಲು ಮಲಗುವ ಕೋಣೆಯ ಕಡೆ ಹೋಗಿತ್ತು.

"ಇದರ ತುದಿಯೊಳಗ ಏನು ಎಚ್ಚರ ಐತ್ರಿ?"

ಅವನು ಅವಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

ಅವಳು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು. ಬೆಳಿಗ್ಗೆ ಅವನು ಕೊಟ್ಟಿದ್ದ ಬೀಗದ ಕೈಯನ್ನು ಸ್ವಿಚ್ಚಿನ ಮೇಲಿಟ್ಟಳು.

"ನಿಮ್ಮ ಮ್ಯಾಲ ಜೀವ ಐತ್ರಿ. ಆದ್ರ ಈ ಮನಿಗೆ ನಾ ಬರಂಗಿಲ್ಲ. ವ್ಯಾಳ್ಯಾಕ್ಕ ಊಟ ಮಾಡ್ರಿ."

ಹೊರಗೆ ಲಿಫ್ಟಿಗೆ ಕಾಯುವಾಗ ಅಳು ಒತ್ತರಿಸಿ ಬಂತು. ಅಳುವ ಮುಂಚೆ ಅವಳು ಸುತ್ತಲಿನ ಗೋಡೆ, ಮೂಲೆ, ಚಾವಣಿಗಳನ್ನೆಲ್ಲ ಒಮ್ಮೆ ನೋಡಿಕೊಂಡಳು.